ಕಡ್ಡಿ ಎಂಟು, ಲೆಕ್ಕ ಒಂಬತ್ತು

ಶನಿವಾರ ಬೆಳಿಗ್ಗೆ ಏಳೂವರೆಗೆ, ಕೈಯಲ್ಲಿ ಕಾಫಿ ಲೋಟ ಹಿಡಿದು, ಮನೆಯ ಮುಂದಿನ ಮೆಟ್ಟಿಲ ಮೇಲೆ ನಿಂತು, ಇಂಜಿನ್ ಮೇಷ್ಟ್ರು ಒಂದು ಘೋರ ಪ್ರತಿಜ್ಞೆ ಮಾಡಿದರು.

"ಈ ಕಾರಿನ ಟಕಟಕ ಸದ್ದನ್ನ ಇವತ್ತು ಸಂಜೆಯೊಳಗೆ ನಿಲ್ಲಿಸ್ಲಿಲ್ಲ ಅಂದ್ರೆ ನಾನು ಇಂಜಿನ್ ಮೇಷ್ಟ್ರೇ ಅಲ್ಲ!"

ಹಿಂದೆ ಇಂಥ ಪ್ರತಿಜ್ಞೆಗಳನ್ನು ರಾಜರು ಮಾಡುತ್ತಿದ್ದರು. ಅವರ ಬೆನ್ನಿಗೆ ಸೈನ್ಯ ಇರುತ್ತಿತ್ತು. ಮೇಷ್ಟ್ರ ಬೆನ್ನಿಗೆ ಇದ್ದದ್ದು ಒಂದು ಸ್ಪ್ಯಾನರ್ ಸೆಟ್ಟು. ಅದೂ ಇಪ್ಪತ್ತು ವರ್ಷ ಸೇವೆ ಮಾಡಿದ್ದಕ್ಕೆ ಕಾಲೇಜಿನವರು ಕೊಟ್ಟ ಉಡುಗೊರೆ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಹರಿದಿರಲಿಲ್ಲ.

ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಇಂಜಿನ್ ಪಾಠ ಮಾಡುವವರು. ಹುಡುಗರು ಇಟ್ಟ ಅಡ್ಡಹೆಸರೇ ಇಂಜಿನ್ ಮೇಷ್ಟ್ರು. ಇಂಜಿನ್ನಿನ ಬಗ್ಗೆ ಮುನ್ನೂರ ನಲವತ್ತು ಪುಟದ ಪುಸ್ತಕ ಬರೆದಿದ್ದರು. ಅದನ್ನು ಓದದೆ ಯಾವ ಹುಡುಗನೂ ಪಾಸಾಗುವಂತಿರಲಿಲ್ಲ, ಏಕೆಂದರೆ ಪ್ರಶ್ನೆಪತ್ರಿಕೆ ತೆಗೆಯುವವರೂ ಅವರೇ. ಆದರೆ ನಿಜ ಹೇಳಿಬಿಡಬೇಕು. ಓಡುವ ಇಂಜಿನ್ನಿಗೆ ಅವರು ಒಮ್ಮೆಯೂ ಕೈ ಹಾಕಿದವರಲ್ಲ. ಕಾಲೇಜಿನ ಲ್ಯಾಬಿನಲ್ಲಿದ್ದದ್ದು ಉದ್ದಕ್ಕೆ ಸೀಳಿ, ಒಳಗೆಲ್ಲ ಕೆಂಪು ನೀಲಿ ಬಣ್ಣ ಬಳಿದಿಟ್ಟ ಇಂಜಿನ್ನು. ಅದು ಎಣ್ಣೆ ಸೋರುತ್ತಿರಲಿಲ್ಲ, ಹೊಗೆ ಬಿಡುತ್ತಿರಲಿಲ್ಲ, ಮೇಷ್ಟ್ರ ಮಾತಿಗೆ ಎದುರಾಡುತ್ತಿರಲಿಲ್ಲ. ಅಷ್ಟೇ ಅಲ್ಲ, ಮೇಷ್ಟ್ರಿಗೆ ಕಾರು ಓಡಿಸಲೂ ಬರುತ್ತಿರಲಿಲ್ಲ. ಲೈಸೆನ್ಸ್ ಪರೀಕ್ಷೆಗೆ ಎರಡು ಸಲ ಹೋಗಿದ್ದರು. ಮೊದಲ ಸಲ ಕ್ಲಚ್ಚು ಕೆಲಸ ಮಾಡುವ ಬಗೆಯನ್ನು ಇನ್ಸ್‌ಪೆಕ್ಟರಿಗೆ ವಿವರಿಸುತ್ತಿರುವಾಗಲೇ ಕಾರು ಹಿಂದಕ್ಕೆ ಜಾರಿ ಇನ್ಸ್‌ಪೆಕ್ಟರರ ಮೋಟಾರ್ ಸೈಕಲ್ಲನ್ನು ಮಲಗಿಸಿತು. ಎರಡನೆಯ ಸಲ ಅದೇ ಇನ್ಸ್‌ಪೆಕ್ಟರು ಕಾರು ಹತ್ತಲೇ ಇಲ್ಲ.

ಹೀಗಾಗಿ ಕಾರು ಓಡಿಸುವವರು ಅವರ ಹೆಂಡತಿ. ಕಾರೂ ಅವರ ತವರಿನದೇ. ತೀರಿಕೊಂಡ ಮಾವನವರು ಬಿಟ್ಟುಹೋದದ್ದು, ಹಳೆಯದು, ಗಟ್ಟಿಮುಟ್ಟು. ಕಾರಿನ ಹಿಂದೆಯೇ ಅತ್ತೆಯೂ ಬಂದು ಮಗಳ ಮನೆಯಲ್ಲಿ ನೆಲೆಸಿದ್ದರು. ಎರಡು ತಿಂಗಳಿಂದ ಆ ಕಾರು ನಿಂತಲ್ಲಿ ಟಕ್ ಟಕ್ ಟಕ್ ಎನ್ನುತ್ತಿತ್ತು. ಅನ್ನುತ್ತಲೇ ನೆಟ್ಟಗೆ ಓಡುತ್ತಲೂ ಇತ್ತು.

ಪ್ರತಿಜ್ಞೆಗೆ ಕಿಡಿ ಹಚ್ಚಿದವರು ಎದುರುಮನೆಯ ಹಲ್ಲಿನ ಡಾಕ್ಟರು. ಹಿಂದಿನ ವಾರ ಹೊಸ ಕಾರು ಕೊಂಡಿದ್ದ ಅವರು ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದರು, ಮೂರು ಸಲ ಹೊಗಳುತ್ತಿದ್ದರು.

"ಮೇಷ್ಟ್ರೇ, ನಿಮ್ಮ ಕಾರು ಹಲ್ಲು ಕಡೀತಾ ಇದೆಯಲ್ಲ! ಪುಶ್‌ರಾಡ್ ಇಂಜಿನ್ನು ಅಲ್ವಾ? ಅದನ್ನೆಲ್ಲ ಇನ್ನೂ ಇಟ್ಕೊಂಡಿದ್ದೀರಾ? ನಂದು ಡಬಲ್ ಓವರ್‌ಹೆಡ್ ಕ್ಯಾಮ್."

"ಓವರ್‌ಹೆಡ್ ಕ್ಯಾಮ್ ಅಂದ್ರೆ ಏನು ಅಂತ ಗೊತ್ತಾ ಡಾಕ್ಟ್ರೇ?"

"ತಲೆ ಮೇಲಿರುತ್ತೆ. ಎರಡಿರುತ್ತೆ. ಕಂಪನಿ ಪುಸ್ತಿಕೇಲಿ ಫೋಟೋ ಹಾಕಿದ್ದಾರೆ."

ಇಷ್ಟು ಸಾಕಾಯಿತು. ಮೇಷ್ಟ್ರು ಕಾಫಿ ಲೋಟವನ್ನು ಗೇಟಿನ ಕಂಬದ ಮೇಲಿಟ್ಟು ಪಾಠ ಶುರು ಮಾಡಿದರು.

"ನೋಡಿ. ನಮ್ಮ ಕಾಲೇಜಲ್ಲಿ ಪ್ರಿನ್ಸಿಪಾಲ್ರು ಕೆಳಗಿನ ಮಹಡಿ. ಗುಮಾಸ್ತೆ ಮೇಲಿನ ಮಹಡಿ. ಮೇಲಿನ ಕಿಟಕಿ ತೆಗೀಬೇಕು ಅಂದ್ರೆ ಪ್ರಿನ್ಸಿಪಾಲ್ರು ಜವಾನನ್ನ ತಿವೀತಾರೆ. ಜವಾನ ಮೆಟ್ಟಿಲು ಹತ್ತಿ ಗುಮಾಸ್ತೆನ ತಿವೀತಾನೆ. ಗುಮಾಸ್ತೆ ಕಿಟಕಿ ತಳ್ತಾಳೆ. ಇದೇ ಪುಶ್‌ರಾಡು! ಕ್ಯಾಮ್ ಅನ್ನೋ ಪ್ರಿನ್ಸಿಪಾಲ್ರು ಇಂಜಿನ್ನಿನ ಹೊಟ್ಟೇಲಿ ಕೂತು ತಿರುಗ್ತಾ ಇರ್ತಾರೆ. ಉದ್ದದ ಕಡ್ಡಿ ಇದೆಯಲ್ಲ, ಅದೇ ಜವಾನ. ತಲೇಲಿ ರಾಕರ್ ಅಂತ ಒಂದು ಏರಿಳಿಯೋ ಹಲಗೆ, ಅದು ಗುಮಾಸ್ತೆ. ವಾಲ್ವು ಕಿಟಕಿ."

"ನಂದರಲ್ಲಿ?"

"ನಿಮ್ಮದರಲ್ಲಿ ಪ್ರಿನ್ಸಿಪಾಲ್ರು ನೇರವಾಗಿ ಕಿಟಕಿ ಮೇಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ."

"ಮತ್ತೆ ಕೆಲಸ ಬೇಗ ಆಗುತ್ತಲ್ಲ!"

"ಆಗುತ್ತೆ, ಇಲ್ಲ ಅಂದೋರ್ಯಾರು? ಜೋರಾಗಿ ತಿರುಗುವಾಗ ನಮ್ಮ ಜವಾನ ಏದುಸಿರು ಬಿಡ್ತಾ ಹಿಂದೆ ಬೀಳ್ತಾನೆ, ನಿಜ. ಆದ್ರೆ ಪ್ರಿನ್ಸಿಪಾಲ್ರನ್ನ ಅಷ್ಟು ಎತ್ತರಕ್ಕೆ ಹತ್ತಿಸಿ ತಿರುಗಿಸ್ಬೇಕಾದ್ರೆ ನಿಮಗೆ ಮಾರುದ್ದ ಬೆಲ್ಟೋ ಚೈನೋ ಬೇಕು. ತಲೆ ದಪ್ಪ ಆಗುತ್ತೆ. ನಂದು ಗಿಡ್ಡ, ಗಟ್ಟಿ. ನಿಧಾನಕ್ಕೆ ಹೋಗುವಾಗ್ಲೂ ಎಳೆಯೋ ತಾಕತ್ತಿದೆ."

"ತಾಕತ್ತು ಸರಿ. ಟಕಟಕ?"

"ಗುಮಾಸ್ತೆ ಕೈಗೂ ಕಿಟಕಿಗೂ ಮಧ್ಯೆ ಒಂದು ಕಾಗದದಷ್ಟು ಸಂದು ಇರ್ಬೇಕು. ಅದು ಜಾಸ್ತಿಯಾಗಿದೆ, ಅದಕ್ಕೇ ಸದ್ದು. ಸರಿ ಮಾಡೋದು ಅರ್ಧ ಗಂಟೆ ಕೆಲಸ!"

"ಹಾಗಾದ್ರೆ ಮಾಡಿ ನೋಡೋಣ" ಎಂದು ಡಾಕ್ಟರು ಬಟ್ಟೆ ಹಿಂಡಿದರು. ಮೇಷ್ಟ್ರು ಲೋಟ ಎತ್ತಿಕೊಂಡು ಮೆಟ್ಟಿಲೇರಿ ಪ್ರತಿಜ್ಞೆ ಮಾಡಿದ್ದು ಆಗಲೇ.

ಒಳಗಿನಿಂದ ಹೆಂಡತಿ ಓಡಿ ಬಂದರು. ಅಂಚೆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಮುದ್ರೆ ಒತ್ತಿದವರು. ಅದರಲ್ಲಿ ಹನ್ನೊಂದು ವರ್ಷ ಬಡ್ತಿಗೆ ಕಾದವರು. ಅದು ಕೊನೆಗೂ ಬಂದಿತ್ತು: ಎಪ್ಪತ್ತು ಕಿಲೋಮೀಟರ್ ಆಚೆಯ ಊರಿನಲ್ಲಿ ಪೋಸ್ಟ್ ಮಾಸ್ಟರ್ ಹುದ್ದೆ. ಸೋಮವಾರ ಹತ್ತು ಗಂಟೆಯೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಹೋಗುತ್ತದೆ ಎಂದು ಆದೇಶದಲ್ಲೇ ಬರೆದಿತ್ತು. ಆ ಊರಿಗೆ ಹೋಗುವ ಮೊದಲ ಬಸ್ಸು ತಲುಪುವುದೇ ಹನ್ನೊಂದಕ್ಕೆ. ಭಾನುವಾರ ಅದೂ ಇಲ್ಲ.

"ರೀ, ನಿಮಗೆ ಕೈ ಮುಗೀತೀನಿ. ಸೋಮವಾರ ನನಗೆ ಈ ಕಾರು ಬೇಕು. ಟಕಟಕ ಅಂತಾನೇ ಹೋಗ್ಲಿ ಬಿಡಿ."

"ಹೊಸ ಪೋಸ್ಟ್ ಮಾಸ್ಟರು ಟಕಟಕ ಅನ್ನೋ ಕಾರಲ್ಲಿ ಇಳಿಯೋದಾ? ನಾನು ಬದುಕಿರುವಾಗ?"

"ನೀವು ಬದುಕಿರ್ಬೇಕು ಅಂತಲೇ ಹೇಳ್ತಿರೋದು. ಕಾರು ಮುಟ್ಟಬೇಡಿ."

ಇಷ್ಟು ಹೇಳಿ ಆಕೆ ಶನಿವಾರದ ಡ್ಯೂಟಿಗೆ ನಡೆದೇ ಹೋದರು. ತಿರುವಿನಲ್ಲಿ ಮರೆಯಾಗುವುದಷ್ಟೇ ತಡ, ಮೇಷ್ಟ್ರು ಬಾನೆಟ್ ಎತ್ತಿದರು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ. ಮೇಷ್ಟ್ರು ಸಾಲದ್ದಕ್ಕೆ ಇರುವೆಗಳನ್ನು ಎಣಿಸಿ ಬಿಟ್ಟುಕೊಂಡರು: ಒಟ್ಟು ಎಂಟು.

ಸಂದು ಸರಿ ಮಾಡಲು ಮೇಲಿನ ಮುಚ್ಚಳ ತೆಗೆದರೆ ಸಾಕು. ರಾಕರಿನ ತುದಿಯ ತಿರುಪು ತಿರುಗಿಸಿ, ತೆಳು ಗೇಜು ಪಟ್ಟಿ ತೂರಿಸಿ ನೋಡಿ, ಮುಚ್ಚಳ ಹಾಕಿದರೆ ಮುಗಿಯಿತು. ಕಡ್ಡಿಗಳ ತಂಟೆಗೇ ಹೋಗಬೇಕಿಲ್ಲ. ಆದರೆ ಮೇಷ್ಟ್ರ ಪುಸ್ತಕದ ತೊಂಬತ್ತೇಳನೆಯ ಪುಟದ ಚಿತ್ರದಲ್ಲಿ ಎಲ್ಲ ಭಾಗಗಳೂ ಬಿಡಿಬಿಡಿಯಾಗಿ ಗಾಳಿಯಲ್ಲಿ ತೇಲುತ್ತಿದ್ದವು. ಚಿತ್ರದಂತೆ ಕಾಣುವವರೆಗೆ ಬಿಚ್ಚಬೇಕೆಂದು ಮೇಷ್ಟ್ರಿಗೆ ಅನಿಸಿತು. ರಾಕರುಗಳನ್ನು ಹೊತ್ತ ದಂಡವನ್ನೇ ಕಳಚಿದರು. ಕೆಳಗೆ ಎಂಟು ತೂತು, ತೂತಿಗೊಂದು ಗೇಣುದ್ದದ ಉಕ್ಕಿನ ಕಡ್ಡಿ. ಒಂದೊಂದಾಗಿ ಎಳೆದರು.

ಪ್ರತಿ ಕಡ್ಡಿಯೂ ತನ್ನ ಜಾಗದಲ್ಲೇ ಸವೆದು ಹೊಂದಿಕೊಂಡಿರುತ್ತದೆ. ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಇದು ಅವರ ಪುಸ್ತಕದಲ್ಲೇ ದಪ್ಪಕ್ಷರದಲ್ಲಿತ್ತು. ಆದ್ದರಿಂದ ಮೇಷ್ಟ್ರು ಕಡ್ಡಿಗಳಿಗೆ ನಂಬರು ಹಾಕಿದರು. ಯಾವುದರಿಂದ? ಇಪ್ಪತ್ತೆರಡು ವರ್ಷ ಕೈಯಲ್ಲಿ ಹಿಡಿದ ಆಯುಧ ಬಿಟ್ಟು ಬೇರೆ ಯಾವುದು ನೆನಪಾಗಬೇಕು? ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದರಿಂದ ಎಂಟರವರೆಗೆ ದುಂಡಾಗಿ ಬರೆದು, ಮೆಟ್ಟಿಲ ಮೇಲೆ ಹಳೆಯ ಪೇಪರ್ ಹಾಸಿ ಸಾಲಾಗಿ ಜೋಡಿಸಿದರು. ತಮ್ಮ ಶಿಸ್ತಿಗೆ ತಾವೇ ತಲೆದೂಗಿ, ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡೋಣವೆಂದು ಒಳಗೆ ಹೋಗಿ ಮಲಗಿದರು.

ಎದ್ದಾಗ ಎರಡು ಗಂಟೆ ಕಳೆದಿತ್ತು. ಮೆಟ್ಟಿಲ ಮೇಲೆ ಪೇಪರೂ ಇಲ್ಲ, ಕಡ್ಡಿಯೂ ಇಲ್ಲ!

"ಅತ್ತೇ! ಇಲ್ಲಿದ್ದ ಕಡ್ಡಿಗಳು?"

"ಅಯ್ಯೋ, ಅವಾ? ಜಿಡ್ಡು ಜಿಡ್ಡಾಗಿ ಬಿದ್ದಿದ್ವು. ಸೋಪು ಹಾಕಿ ಉಜ್ಜಿ ತೊಳೆದಿಟ್ಟಿದ್ದೀನಿ. ನೋಡಿ, ಹೇಗೆ ಫಳಫಳ ಅಂತಿವೆ!"

ಅಡುಗೆಮನೆಯ ಚಮಚದ ಸ್ಟ್ಯಾಂಡಿನಲ್ಲಿ, ಸೌಟುಗಳ ಪಕ್ಕ, ಎಂಟು ಪುಶ್‌ರಾಡುಗಳು ಮದುವೆಗೆ ಹೊರಟವರಂತೆ ಮಿಂಚುತ್ತಾ ನಿಂತಿದ್ದವು. ಒಂದರ ಮೇಲೂ ಸುಣ್ಣದ ಚುಕ್ಕಿ ಕೂಡ ಇರಲಿಲ್ಲ.

"ನಂಬರ್ ಬರೆದಿದ್ದೆನಲ್ಲಾ ಅತ್ತೇ!"

"ಸೀಮೆಸುಣ್ಣದಲ್ಲಿ ಬರೆದ್ರೆ ನೀರಲ್ಲಿ ಹೋಗದೆ ಇನ್ನೇನಾಗುತ್ತೆ? ಅದಕ್ಕೇನೀಗ, ಕಡ್ಡಿ ಮೇಲೆ…"

"ಸಾಕು!" ಮೇಷ್ಟ್ರು ಕೈಗೆ ಸಿಕ್ಕ ಸೌಟು ಎತ್ತಿ ಗುಡುಗಿದರು. "ಇಂಜಿನ್ ಅಂದ್ರೆ ಅಡುಗೆಮನೆ ಪಾತ್ರೆ ಅಲ್ಲ! ಗೊತ್ತಿಲ್ಲದ ವಿಷಯಕ್ಕೆ ನೀವು ಕೈಯನ್ನೂ ಹಾಕಬೇಡಿ, ಬಾಯೀನೂ ಹಾಕಬೇಡಿ!"

ಅತ್ತೆ ಬಾಯಿ ಮುಚ್ಚಿದರು. ಎಷ್ಟು ಗಟ್ಟಿಯಾಗಿ ಮುಚ್ಚಿದರೆಂದರೆ ಮರುದಿನ ಮಧ್ಯಾಹ್ನದವರೆಗೆ ತೆರೆಯಲೇ ಇಲ್ಲ. ಕಾಫಿಯನ್ನೂ ಮೇಜಿನ ಮೇಲೆ ಕುಕ್ಕಿ ತಿಳಿಸಿದರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಕುತೂಹಲ ತಡೆಯಲಾರದೆ ಬಂದರು. ಕೈಯಲ್ಲಿ ಅವರ ಕಸುಬಿನ ಪೆಟ್ಟಿಗೆ. "ಯೋಚನೆ ಯಾಕೆ ಮೇಷ್ಟ್ರೇ? ತೂತೊಳಗೆ ನೋಡಿದ್ರೆ ಯಾವ ಕಡ್ಡಿ ಎಲ್ಲಿ ಕೂತಿತ್ತು ಅಂತ ಗುರುತು ಸಿಗುತ್ತೆ. ತೂತು ನೋಡೋದೇ ನನ್ನ ಕೆಲಸ" ಎಂದು ಹಣೆಗೆ ದೀಪ ಕಟ್ಟಿಕೊಂಡು, ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದು ಇಂಜಿನ್ನಿನ ಮೇಲೆ ಬಗ್ಗಿದರು. "ಬಾಯಿ ಅಗಲಿಸಿ" ಎಂದು ಅಭ್ಯಾಸಬಲದಿಂದ ಇಂಜಿನ್ನಿಗೆ ಹೇಳಿಯೂಬಿಟ್ಟರು.

"ಏನಾದ್ರೂ ಕಾಣ್ತಾ?"

"ಹುಳುಕಿಲ್ಲ. ವಸಡು ಚೆನ್ನಾಗಿದೆ. ಸ್ವಲ್ಪ ಕರೆ… ಅಯ್ಯಯ್ಯೋ!"

ಹಿಡಿ ಮಾತ್ರ ಡಾಕ್ಟರ ಕೈಯಲ್ಲಿತ್ತು. ಕನ್ನಡಿ ತಿರುಪು ಕಳಚಿಕೊಂಡು ನಾಲ್ಕನೆಯ ತೂತಿನಲ್ಲಿ ಟಿಣ್ ಎಂದು ಇಳಿದುಹೋಗಿತ್ತು!

ಮುಂದಿನ ಮುಕ್ಕಾಲು ಗಂಟೆ ನಡೆದಂಥ ಶಸ್ತ್ರಚಿಕಿತ್ಸೆಯನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಅಯಸ್ಕಾಂತ ಇಳಿಸಿದರೆ ಕನ್ನಡಿ ಅದನ್ನು ಕ್ಯಾರೇ ಅನ್ನಲಿಲ್ಲ. ಕೊನೆಗೆ ಡಾಕ್ಟರು ಉದ್ದ ಮೂತಿಯ ಚಿಮಟ ಇಳಿಸಿ, ಒಂದು ಕಾಲನ್ನು ಬಂಪರಿಗೆ ಒತ್ತಿ, ಮೇಷ್ಟ್ರು ಅವರ ಸೊಂಟ ಹಿಡಿದು, ಹೇಗೋ ಕಿತ್ತರು. ಕಿತ್ತ ಮೇಲೆ ತೂತಿಗೆ ಹತ್ತಿಯ ಉಂಡೆ ತುರುಕಿ, ಬೆವರು ಒರೆಸಿಕೊಂಡು, "ಅರ್ಧ ಗಂಟೆ ಏನೂ ಕುಡಿಸಬೇಡಿ" ಎಂದು ಹೇಳಿ ಮನೆಗೆ ಹೋದರು. ಕಡ್ಡಿಗಳ ಗುರುತು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ.

ಸಂಜೆ ಹೆಂಡತಿ ಬಂದು ನೋಡಿದರೆ ಬಾನೆಟ್ ತೆರೆದಿದೆ, ಇಂಜಿನ್ನಿನ ಬಾಯಲ್ಲಿ ಹತ್ತಿ, ಗಂಡನ ಮೂಗಿನ ಮೇಲೆ ಎಣ್ಣೆ, ತಾಯಿ ಮೂಲೆಯಲ್ಲಿ ಮೌನವ್ರತ.

"ನಾನು ಏನು ಹೇಳಿ ಹೋಗಿದ್ದೆ?"

"ಮುಟ್ಟಬೇಡಿ ಅಂದಿದ್ದೆ."

"ನೀವೇನು ಮಾಡಿದ್ರಿ?"

"ಸಿದ್ಧಾಂತದ ಪ್ರಕಾರ…"

"ಸಿದ್ಧಾಂತ ಸೋಮವಾರ ನನ್ನನ್ನ ಹೊತ್ಕೊಂಡು ಹೋಗುತ್ತಾ ರೀ?"

ಗ್ಯಾರೇಜುಗಳೆಲ್ಲ ಬಾಗಿಲು ಹಾಕಿಯಾಗಿತ್ತು. ಮತ್ತೆ ತೆರೆಯುವುದು ಸೋಮವಾರ ಒಂಬತ್ತಕ್ಕೆ. ಊರಿನ ಟ್ಯಾಕ್ಸಿಗಳೆಲ್ಲ ಮದುವೆಗಳಿಗೆ ಬುಕ್ಕಾಗಿದ್ದವು. ಡಾಕ್ಟರ ಕಾರು ಕೇಳೋಣವೆಂದರೆ ಅವರು ಭಾನುವಾರ ಬೆಳಗಾಗುತ್ತಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಎರಡು ಕ್ಯಾಮುಗಳ ಸಮೇತ ಪ್ರವಾಸ ಹೊರಟುಹೋಗಿದ್ದರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಪುಸ್ತಕವನ್ನು ರೇಡಿಯೇಟರಿನ ಮೇಲೆ ತೆರೆದಿಟ್ಟು ಕೆಲಸಕ್ಕೆ ಇಳಿದರು. ಕಡ್ಡಿಗಳನ್ನು ದೇವರ ಮೇಲೆ ಭಾರ ಹಾಕಿ ಸಿಕ್ಕ ಸಿಕ್ಕ ತೂತಿಗೆ ಇಳಿಸಿದರು. ದಂಡ ಕೂರಿಸಿದರು. ಆಮೇಲೆ ಸಂದು ಹೊಂದಿಸುವ ಘಟ್ಟ: ನೂರ ಹನ್ನೆರಡನೆಯ ಪುಟ, ಆರನೆಯ ಹೆಜ್ಜೆ. 'ಒಂದನೆಯ ಸಿಲಿಂಡರಿನ ಎರಡೂ ರಾಕರುಗಳು ಅಲುಗಾಡುವಾಗ ಆ ಸಿಲಿಂಡರಿನ ಸಂದನ್ನು ಹೊಂದಿಸತಕ್ಕದ್ದು.' ಅಲುಗಾಡುವಾಗ ಎಂದರೆ ವಾಲ್ವುಗಳು ಇನ್ನೂ ಅರೆಬರೆ ತೆರೆದಿರುವಾಗ. ಸಂದನ್ನು ಹೊಂದಿಸಬೇಕಾದದ್ದು ಅವು ಪೂರ್ತಿ ಮುಚ್ಚಿರುವಾಗ. ಹದಿನಾಲ್ಕು ವರ್ಷದಿಂದ ಈ ತಪ್ಪು ಪುಸ್ತಕದಲ್ಲಿ ಹಾಯಾಗಿ ಕೂತಿತ್ತು. ಸಾವಿರಾರು ಹುಡುಗರು ಇದನ್ನು ಬಾಯಿಪಾಠ ಮಾಡಿ ಬರೆದು ಪೂರ್ತಿ ಅಂಕ ಪಡೆದಿದ್ದರು. ಏನೂ ಬರೆಯದವರು ಫೇಲಾಗಿದ್ದರು, ಸರಿಯಾಗಿ ಬರೆದವರೂ ಫೇಲಾಗಿದ್ದರು. ಪುಸ್ತಕದ ಬದನೆಕಾಯಿ ತಿಂದು ಹೊಟ್ಟೆ ಕೆಡುವುದು ಅದನ್ನು ಬೇಯಿಸಲು ಹೋದಾಗಲೇ.

ಮೇಷ್ಟ್ರು ಎಂಟಕ್ಕೆ ಎಂಟೂ ಸಂದುಗಳನ್ನು ಶ್ರದ್ಧೆಯಿಂದ ಕೆಡಿಸಿ, ಮುಚ್ಚಳ ಹಾಕಿ, "ಸ್ಟಾರ್ಟ್ ಮಾಡು!" ಎಂದು ಕೈಯೆತ್ತಿ ಆಜ್ಞಾಪಿಸಿದರು. ಹೆಂಡತಿ ಕೀಲಿ ತಿರುಗಿಸಿದರು.

ಹಿಂದೆ ಒಂದು ಟಕ್ ಇದ್ದಲ್ಲಿ ಈಗ ಎಂಟು! ಇಡೀ ಅಂಚೆ ಇಲಾಖೆಯೇ ಬಾನೆಟ್ಟಿನೊಳಗೆ ಕೂತು ಮುದ್ರೆ ಒತ್ತುತ್ತಿದೆಯೇನೋ ಎಂಬಂತೆ ಟಡಟಡಟಡ! ಬೀದಿಯ ನಾಯಿಗಳು ಎದ್ದು ಜಾಗ ಖಾಲಿ ಮಾಡಿದವು. ಅರ್ಧ ನಿಮಿಷದಲ್ಲಿ ಒಳಗೆ ಢಣಾರ್ ಎಂದು ಸದ್ದಾಗಿ, ಒಂದು ಕಡ್ಡಿ ಸೀಟು ಬಿಟ್ಟು ಹಾರಿ, ಇಂಜಿನ್ನು ಮೂರು ಕಾಲಿನ ಕುದುರೆಯಂತೆ ಕುಂಟಿ ನಿಂತಿತು.

ಹೆಂಡತಿ ಕೀಲಿ ತೆಗೆದರು. ಬಯ್ಯಲಿಲ್ಲ. ಇಳಿದು ಬಂದು ಮೆಟ್ಟಿಲ ಮೇಲೆ ಕೂತರು. ಬಯ್ದಿದ್ದರೆ ಮೇಷ್ಟ್ರಿಗೆ ನೆಮ್ಮದಿಯಾಗುತ್ತಿತ್ತು.

"ಹೋಗ್ಲಿ ಬಿಡಿ" ಎಂದರು ಮೆಲ್ಲಗೆ. "ಹನ್ನೊಂದು ವರ್ಷ ಆಗಿದೆ. ಇನ್ನು ಎರಡು ವರ್ಷಕ್ಕೆ ಮತ್ತೆ ಪಟ್ಟಿ ಮಾಡ್ತಾರಂತೆ. ಆಗ ನೋಡೋಣ."

ಆಕೆ ಆ ಬಡ್ತಿಗಾಗಿ ಮೂರು ಪರೀಕ್ಷೆ ಬರೆದಿದ್ದರು. ಅಡುಗೆ ಮಾಡುತ್ತಲೇ ಓದಿದ್ದರು. ಬುಧವಾರ ಆದೇಶ ಬಂದಾಗ ಅದನ್ನು ಮೂರು ಸಲ ಗಟ್ಟಿಯಾಗಿ ಓದಿಸಿಕೊಂಡು ಕೇಳಿದ್ದರು, ತಮ್ಮ ಹೆಸರು ಬಂದಾಗಲೆಲ್ಲ ನಕ್ಕಿದ್ದರು. ಓದಿ ಹೇಳಿದವರು ಮೇಷ್ಟ್ರೇ. ಅದೆಲ್ಲ ಮೇಷ್ಟ್ರಿಗೆ ನೆನಪಾಯಿತು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು.

ಅತ್ತೆ ಒಲೆಯ ಕಡೆ ಮುಖ ಮಾಡಿ, ಪಾತ್ರೆಗೆ ಹೇಳುವಂತೆ ಗೊಣಗಿದರು. "ಒಂಬತ್ತು ಬರ್ಲಿಲ್ಲ. ಬರದೆ ಇದ್ರೆ ಇನ್ನೇನಾಗುತ್ತೆ?"

"ಏನಂದ್ರಿ ಅತ್ತೆ?"

"ನಾನೇನಂದೆ? ಪಾತ್ರೆ ತೊಳೆಯೋಳು ನಾನು. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬಾರ್ದು."

"ಒಂಬತ್ತು ಅಂದ್ರಲ್ಲ. ಯಾವ ಒಂಬತ್ತು?"

"ಅದು ಮುನ್ನೂರ ನಲವತ್ತು ಪುಟದಲ್ಲಿ ಎಲ್ಲೋ ಇರುತ್ತೆ, ಹುಡುಕ್ಕೊಳ್ಳಿ."

ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡಿದರು. ಹೆಂಡತಿ ಇನ್ನೂ ಮೆಟ್ಟಿಲ ಮೇಲೇ ಕೂತಿದ್ದರು. ಪುಸ್ತಕ, ಪ್ರತಿಜ್ಞೆ, ಅಡ್ಡಹೆಸರು ಎಲ್ಲವನ್ನೂ ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೇಷ್ಟ್ರು ಅತ್ತೆಯ ಮುಂದೆ ಕೈ ಜೋಡಿಸಿ ನಿಂತರು.

"ಅತ್ತೆ, ತಪ್ಪಾಯ್ತು. ನಿಮಗೆ ಗದರಿಸಿದ್ದು ತಪ್ಪು. ಕಡ್ಡಿ ಬಿಚ್ಚಿದ್ದೂ ತಪ್ಪು. ನನಗೆ ಏನೂ ಗೊತ್ತಿಲ್ಲ. ದಯವಿಟ್ಟು ಹೇಳಿ, ಅವಳ ಕೆಲಸ ಹೋಗುತ್ತೆ."

ಅತ್ತೆ ಒಂದು ಕ್ಷಣ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಒಲೆ ಆರಿಸಿದರು. ತೋಳು ಮೇಲಕ್ಕೆ ಏರಿಸಿಕೊಂಡರು.

"ಮೂವತ್ತೊಂದು ವರ್ಷ ನಿಮ್ಮ ಮಾವ ಈ ಕಾರಿನ ಸಂದು ಸರಿ ಮಾಡ್ದಾಗಲೆಲ್ಲ ಇಂಜಿನ್ ತಿರುಗಿಸ್ಕೊಟ್ಟೋಳು ಯಾರು ಅಂದ್ಕೊಂಡಿದ್ದೀರಿ? ಕೊನೆ ಹತ್ತು ವರ್ಷ ಅವರಿಗೆ ಕಣ್ಣು ಮಂಜಾಗಿತ್ತು. ಅವರು ತಿರುಗಿಸೋರು, ಸಂದು ಹಿಡಿಯೋಳು ನಾನು. ಬನ್ನಿ. ಆ ಕಡ್ಡಿಗಳನ್ನ ತೆಗೀರಿ."

ಮತ್ತೆ ಎಂಟೂ ಕಡ್ಡಿ ಹೊರಗೆ ಬಂದವು. ಅತ್ತೆ ಒಂದನ್ನು ಬೆಳಕಿಗೆ ಹಿಡಿದು, ಕೆಳತುದಿಯ ಹತ್ತಿರ ಉಗುರು ಆಡಿಸಿದರು. ಕೂದಲೆಳೆಯಷ್ಟು ತೆಳುವಾದ ಗೀರುಗಳು: ಒಂದು, ಎರಡು, ಮೂರು.

"ಇದು ಮೂರನೇದು. ನಿಮ್ಮ ಮಾವ ಪ್ರತಿಯೊಂದಕ್ಕೂ ಗೀರು ಹಾಕಿಟ್ಟಿದ್ದಾರೆ. ನಿನ್ನೆ ಹೇಳೋಕೆ ಬಾಯಿ ತೆಗೆದೆ, ನೀವು ಸೌಟು ಎತ್ತಿದ್ರಿ."

"ಆದ್ರೆ ಅತ್ತೆ, ಲೋಹದ ಮೇಲೆ ಹೀಗೆ ಗೀರು ಹಾಕೋದು ಸಿದ್ಧಾಂತದ ಪ್ರಕಾರ…"

"ರೀ!" ಎಂದರು ಹೆಂಡತಿ. ಸಿದ್ಧಾಂತ ಅಲ್ಲೇ ಪ್ರಾಣ ಬಿಟ್ಟಿತು.

ಕಡ್ಡಿಗಳು ತಮ್ಮ ತಮ್ಮ ಮನೆಗೆ ಸೇರಿದವು. ಅತ್ತೆ ಮುಂದಿನಿಂದ ಹಿಂದಕ್ಕೆ ವಾಲ್ವುಗಳನ್ನು ಎಣಿಸಿದರು. ಮಗಳು ದೊಡ್ಡ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು.

"ನಿಲ್ಲು ನಿಲ್ಲು. ಎಂಟನೇ ವಾಲ್ವು ಪೂರ್ತಿ ಕೆಳಗಿಳೀತು ನೋಡು. ಈಗ ಒಂದನೇದು ಸರಿ ಮಾಡ್ಬೇಕು. ಎಂಟೂ ಒಂದೂ ಎಷ್ಟು?"

"ಒಂಬತ್ತು" ಎಂದರು ಮೇಷ್ಟ್ರು, ಒಂದನೆಯ ತರಗತಿಯ ಹುಡುಗನಂತೆ.

"ಆರು ಇಳಿದ್ರೆ ಮೂರು. ನಾಲ್ಕು ಇಳಿದ್ರೆ ಐದು. ಏಳು ಇಳಿದ್ರೆ ಎರಡು. ಯಾವಾಗ್ಲೂ ಕೂಡಿದ್ರೆ ಒಂಬತ್ತು ಬರ್ಬೇಕು. ಅಷ್ಟೇ. ಇದಕ್ಕೆ ಪುಸ್ತಕ ಯಾಕೆ ಬೇಕು?"

ಮೇಷ್ಟ್ರು ಮನಸ್ಸಿನಲ್ಲೇ ಕ್ಯಾಮನ್ನು ತಿರುಗಿಸಿ ನೋಡಿದರು. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದು ಪೂರ್ತಿ ಮುಚ್ಚಿಯೇ ಇರುತ್ತದೆ! ನಾಲ್ಕು ಸಿಲಿಂಡರಿನ ಎಂಟು ವಾಲ್ವುಗಳ ಇಡೀ ಪುರಾಣ ಒಂದು ಕೂಡುವ ಲೆಕ್ಕದಲ್ಲಿ ಮುಗಿದುಹೋಗಿತ್ತು. ಅವರು ಅದಕ್ಕೆ ಹನ್ನೊಂದು ಪುಟ ತೆಗೆದುಕೊಂಡಿದ್ದರು, ಅದೂ ತಪ್ಪು. ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೆ ಹೊಟ್ಟೆನೋವು ಬಂದಾಗಲೇ ಹಿತ್ತಲ ಬಾಗಿಲು ಕಾಣುವುದು. ಮೇಷ್ಟ್ರು ತೆಪ್ಪಗೆ ಗೇಜು ಪಟ್ಟಿ ಒರೆಸಿ ಕೊಡುವ ಕೆಲಸ ಹಿಡಿದರು. ಆ ಕೆಲಸವನ್ನು ಚೆನ್ನಾಗಿಯೇ ಮಾಡಿದರು.

ಸಂಜೆ ಐದಕ್ಕೆ ಮುಚ್ಚಳ ಕೂತಿತು. ಹೆಂಡತಿ ಕೀಲಿ ತಿರುಗಿಸಿದರು. ಏನೂ ಕೇಳಿಸಲಿಲ್ಲ. "ಅಯ್ಯೋ, ಸ್ಟಾರ್ಟೇ ಆಗ್ಲಿಲ್ಲ" ಎಂದು ಮತ್ತೆ ತಿರುಗಿಸಿದರೆ ಇಂಜಿನ್ನು ಕರ್ರೆಂದು ಬಯ್ದಿತು. ಅದು ಆಗಲೇ ಓಡುತ್ತಿತ್ತು! ಟಕ್ ಇಲ್ಲ, ಟುಕ್ ಇಲ್ಲ, ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುರು ಅಷ್ಟೇ. ಹೆಂಡತಿ ಸ್ಟೀರಿಂಗ್ ಚಕ್ರಕ್ಕೆ ಹಣೆ ಒತ್ತಿ ಅತ್ತರು, ನಕ್ಕರು, ಮತ್ತೆ ಅತ್ತರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹೊಸ ಪೋಸ್ಟ್ ಮಾಸ್ಟರು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಆದೇಶಪತ್ರ ಹಿಡಿದು ಕಾರು ಹತ್ತಿದರು.

"ಎಪ್ಪತ್ತು ಕಿಲೋಮೀಟರ್ ದಾರಿ. ಹೆಚ್ಚುಕಮ್ಮಿ ಆದ್ರೆ ಇಂಜಿನ್ ಗೊತ್ತಿರೋರು ಒಬ್ಬರು ಜೊತೇಲಿ ಇದ್ರೆ ಧೈರ್ಯ" ಎಂದರು.

ಮೇಷ್ಟ್ರ ಎದೆ ಉಬ್ಬಿತು. ಎಷ್ಟಾದರೂ ಹೆಂಡತಿ! ಒಂದು ದಿನ ರಜೆ ಹಾಕಿದರಾಯಿತು ಎಂದುಕೊಂಡು, ತಲೆಗೂದಲು ನೇವರಿಸಿ, ಪಕ್ಕದ ಬಾಗಿಲು ತೆರೆದರು.

"ಥ್ಯಾಂಕ್ಸ್ ರೀ. ಹಾಗೇ ಹಿಡ್ಕೊಂಡಿರಿ" ಎಂದು ಹೆಂಡತಿ ಮನೆಯ ಕಡೆ ಕೂಗಿದರು. "ಅಮ್ಮಾ, ಬಾ, ಹೊತ್ತಾಯ್ತು!"

ಅತ್ತೆ ಸ್ಪ್ಯಾನರ್ ಸೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದು ಕೂತರು. ಮೇಷ್ಟ್ರು ಬಾಗಿಲು ಹಾಕಿ, ಬಸ್ಸು ಹಿಡಿದು ಕಾಲೇಜಿಗೆ ಹೋದರು.

ಹತ್ತು ಗಂಟೆಯ ತರಗತಿ. ಅರವತ್ತು ಹುಡುಗರು. ಮೇಷ್ಟ್ರು ಹಲಗೆಯ ಮೇಲೆ 'ಪುಶ್‌ರಾಡ್ ಮತ್ತು ಓವರ್‌ಹೆಡ್ ಕ್ಯಾಮ್: ವ್ಯತ್ಯಾಸಗಳು' ಎಂದು ಬರೆದು ಅಡಿಗೆರೆ ಎಳೆದರು. ಕಣ್ಣು ಗಡಿಯಾರದ ಮೇಲೆ, ಕಿವಿ ಜೇಬಿನ ಮೇಲೆ. ಹತ್ತು ದಾಟಿ ಐದು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಪಾಠದ ಮಧ್ಯೆ ಫೋನು ತೆಗೆದ ಹುಡುಗರನ್ನೆಲ್ಲ ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟ್ರು, ನಾಚಿಕೆ ಬಿಟ್ಟು ತೆಗೆದರು.

"ಒಂಬತ್ತೂ ಹತ್ತಕ್ಕೇ ಸಹಿ ಹಾಕ್ದೆ ರೀ! ಕುರ್ಚಿ ಮೇಲೆ ಕೂತಿದ್ದೀನಿ! ತಿರುಗೋ ಕುರ್ಚಿ!" ಆಕೆಯ ದನಿ ಇಪ್ಪತ್ತು ವರ್ಷ ಚಿಕ್ಕದಾಗಿತ್ತು.

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಹುಡುಗರಿಗೆ ಕಾಣದಂತೆ ಹಲಗೆಯ ಕಡೆ ತಿರುಗಿದರು. "ಒಳ್ಳೇದಾಯ್ತು ಕಣೇ. ತುಂಬಾ ಒಳ್ಳೇದಾಯ್ತು. ಹೊರಡೋದು ಎಷ್ಟು ಹೊತ್ತಿಗೆ?"

"ತಾಳಿ, ಅಮ್ಮ ಮಾತಾಡ್ತಾಳಂತೆ."

ಫೋನು ಕೈ ಬದಲಾಯಿಸಿತು. ಅತ್ತೆಯ ದನಿಯ ಹಿಂದೆ ಸ್ಪ್ಯಾನರುಗಳ ಸದ್ದು ಕೇಳಿಸುತ್ತಿತ್ತು.

"ಅಳಿಯಂದ್ರೇ, ನಾವು ಬರೋದು ಸ್ವಲ್ಪ ತಡ ಆಗುತ್ತೆ. ಇಲ್ಲಿ ಟಪಾಲು ವ್ಯಾನೂ ಟಕಟಕ ಅಂತಿದೆ. ಡ್ರೈವರು ಪಾಪ, ನೋಡ್ಕೊಡಿ ಅಮ್ಮಾ ಅಂದ. ಮುಚ್ಚಳ ತೆಗೆದೆ. ಇದರಲ್ಲಿ ಕಡ್ಡಿಗಳೇ ಇಲ್ಲ, ಕ್ಯಾಮು ತಲೆ ಮೇಲೇ ಕೂತಿದೆ."

ಮೇಷ್ಟ್ರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅದು ಅವರ ಪುಸ್ತಕದ ಎಂಟನೆಯ ಅಧ್ಯಾಯ! ಅರವತ್ತು ಹುಡುಗರಿಗೂ ಕೇಳಿಸಲೆಂದು ಫೋನಿನ ಸ್ಪೀಕರ್ ಒತ್ತಿ, ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ನನ್ನನ್ನ ಕೇಳ್ಬೇಕು ಅಂತ ಫೋನ್ ಮಾಡಿದ್ರಿ ಅನ್ನಿ" ಎಂದರು.

"ಇಲ್ಲಪ್ಪ" ಎಂದರು ಅತ್ತೆ, ಇಡೀ ತರಗತಿಗೆ ಕೇಳಿಸುವಂತೆ. "ಕೇಳೋಣ ಅಂತ ನಿಮ್ಮ ಹೆಂಡ್ತಿ ಅಂದ್ಲು. ನಾನೇ ಬೇಡ ಅಂದೆ. ಈ ವ್ಯಾನು ಸರ್ಕಾರದ್ದು, ಮಧ್ಯಾಹ್ನ ಓಡಬೇಕಲ್ಲ."